ಬಿಸಿಲುಕೋಲು ಮತ್ತು ಸಕುಟುಂಬ ಪಂಥ

ಅಮೆರಿಕದ ಕನ್ನಡ ಕುಟುಂಬಗಳಲ್ಲಿ, ಊರಿನಿಂದ ಆರು ತಿಂಗಳ ಮಟ್ಟಿಗೆ ಬಂದಿಳಿಯುವ ತಂದೆತಾಯಿಯರಿಗೆ ತೋರಿಸಲೇಬೇಕಾದ ಕ್ಷೇತ್ರಗಳ ಪಟ್ಟಿಯೊಂದು ರೂಢಿಯಲ್ಲಿದ್ದು, ಅದರಲ್ಲಿ ನಯಾಗರಾ ಕಾಶಿಯಾದರೆ, ಅರಿಜೋನಾ ರಾಜ್ಯದ ಪೇಜ್ ಪಟ್ಟಣದ ಬಳಿಯ ಆ್ಯಂಟಿಲೋಪ್ ಕ್ಯಾನ್ಯನ್ ತಿರುಪತಿಯ ಸ್ಥಾನಕ್ಕೇರಿದೆ. ಇದೊಂದು ಸೀಳುಕಣಿವೆ, ಅಂದರೆ ಕೆಲವೆಡೆ ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಇಕ್ಕಟ್ಟಾಗಿದ್ದು, ಆಳದಲ್ಲಿ ಮಾತ್ರ ನೂರಡಿ ದಾಟುವ ಕಲ್ಲಿನ ಓಣಿ. ಜುರಾಸಿಕ್ ಯುಗದ ಮರಳುದಿಬ್ಬಗಳು ಕಲ್ಲಾಗಿ ಗಟ್ಟಿಗೊಂಡ ಮೇಲೆ ದಿಢೀರ್ ನೆರೆಯ ನೀರು ಮರಳನ್ನು ಹೊತ್ತು ನುಗ್ಗಿ ನುಗ್ಗಿ ಅವನ್ನು ಸೀರೆಯ ನೆರಿಗೆಯಂತೆ ಕೊರೆದಿದೆ. ಮೇಲಿನ ಕಂದರ, ಕೆಳಗಿನ ಕಂದರ ಎಂದು ಇದಕ್ಕೆ ಎರಡು ಭಾಗ. ನೆಲ ನವಾಹೊ ಎಂಬ ಮೂಲನಿವಾಸಿ ಜನರದು, ಮಾರ್ಗದರ್ಶಿಯಿಲ್ಲದೆ ಒಳಗೆ ಕಾಲಿಡುವಂತಿಲ್ಲ. 1997ರ ಆಗಸ್ಟ್ 12ರಂದು ದೂರದಲ್ಲೆಲ್ಲೋ ಸುರಿದ ಮಳೆಯ ನೀರು ಕೆಳಗಿನ ಕಂದರಕ್ಕೆ ನುಗ್ಗಿ 11 ಪ್ರವಾಸಿಗರು ಸತ್ತದ್ದನ್ನು ನೆನೆದರೆ ಈ ಕಟ್ಟುನಿಟ್ಟಿಗೆ ನಗುವಂತಿಲ್ಲ.

ನಗಬೇಕಾದದ್ದು ಗಡಿಯಾರಕ್ಕೆ. ಬೇಸಿಗೆಯಲ್ಲಿ ಮುಳ್ಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವ ಪದ್ಧತಿಯನ್ನು ಅರಿಜೋನಾ ಪಾಲಿಸುವುದಿಲ್ಲ, ನವಾಹೊ ಸೀಮೆ ಪಾಲಿಸುತ್ತದೆ, ಆದರೆ ಅದೇ ಸೀಮೆಯೊಳಗಿರುವ ಕಂದರದ ಟಿಕೆಟ್ಟಿನಲ್ಲಿ ಅಚ್ಚಾಗುವುದು ಅರಿಜೋನಾದ ವೇಳೆ. ಹೀಗಾಗಿ ಒಂದೇ ಕಾರಿನಲ್ಲಿ ಮಗನ ಮೊಬೈಲು ಹನ್ನೊಂದು ಎನ್ನುವಾಗ ಸೊಸೆಯದು ಹನ್ನೆರಡು ಎಂದು ಬಿಡುತ್ತದೆ. ಇಂಥ ಹೊತ್ತಿನಲ್ಲಿ ನೆರವಿಗೆ ಬರುವುದು, ಬಂದಂದಿನಿಂದ ಭಾರತದ ಸಮಯ ಬದಲಿಸಲು ಒಪ್ಪದ ತಂದೆಯ ಎಚ್‌ಎಂಟಿ ವಾಚು: ಭಾರತ ಅರಿಜೋನಾಕ್ಕಿಂತ ಹನ್ನೆರಡೂವರೆ ಗಂಟೆ ಮುಂದಿರುವುದರಿಂದ, ಮುಳ್ಳಿನ ವಾಚಿನಲ್ಲಿ ಅರ್ಧ ಗಂಟೆ ಕಳೆದರೆ ಅಲ್ಲಿನ ವೇಳೆ ಚಾಚೂ ತಪ್ಪದೆ ಸಿಗುತ್ತದೆ. ಈ ಲೆಕ್ಕವನ್ನು ಅವರು ದಿನಕ್ಕೆ ನಾಲ್ಕು ಬಾರಿ ಬಿಡಿಸಿ ಹೇಳುತ್ತಾರೆ, ಮನೆಮಂದಿ ಕೇಳಿಸಿಕೊಳ್ಳುತ್ತಾರೆ.

ವೇಳೆಗೆ ಇಷ್ಟು ಒದ್ದಾಡುವುದು ಬಿಸಿಲುಕೋಲಿಗಾಗಿ. ಮಾರ್ಚ್ ಕೊನೆಯಿಂದ ಅಕ್ಟೋಬರ್ ಆರಂಭದವರೆಗೆ, ಸೂರ್ಯ ನೆತ್ತಿಗೇರುವ ಹೊತ್ತಿನಲ್ಲಿ, ಮೇಲಿನ ಕಂದರದ ಬಿರುಕಿನಿಂದ ಬೆಳಕು ಕೋಲಾಗಿ ನೆಲಕ್ಕಿಳಿಯುತ್ತದೆ. ಆಗ ಟಿಕೆಟ್ಟಿನ ದರವೂ ಏರುವುದರಿಂದ ಇದನ್ನು ವಿಶೇಷ ದರ್ಶನವೆಂದೇ ಪರಿಗಣಿಸಬಹುದು. ವಿಶೇಷ ದರ್ಶನವಾದರೂ ನೂಕುನುಗ್ಗಲು ತಪ್ಪದು, ಒಂದು ಗುಂಪಿನ ಬೆನ್ನಿಗೇ ಇನ್ನೊಂದು ಗುಂಪು ಅಂಟಿಕೊಂಡು ಬರುತ್ತಿರಲು, ಮುಂದೆ ನಡೆಯಿರೆಂದು ಮಾರ್ಗದರ್ಶಿ ಇಂಗ್ಲಿಷಿನಲ್ಲಿ ಹೇಳುವುದು ಕನ್ನಡದ ಕಿವಿಗೆ ತಿರುಪತಿಯ ‘ಜರುಗಂಡಿ’ ಎಂದೇ ಕೇಳಿಸುತ್ತದೆ. ಧೂಳಿಲ್ಲದ ಗಾಳಿಯಲ್ಲಿ ಬೆಳಕಿನ ಕೋಲು ಕಣ್ಣಿಗೆ ಕಾಣದಾದ್ದರಿಂದ ಮಾರ್ಗದರ್ಶಿ ಹಿಡಿ ಮರಳು ತೂರುವುದೂ ಉಂಟು. ಸುತ್ತಲಿನವರು ಹೋ ಎಂದು ಮೊಬೈಲು ಎತ್ತುವಾಗ, ಮಲೆನಾಡಿನ ಹೆಂಚಿನ ಮನೆಯಲ್ಲಿ ಬೆಳೆದ ತಾಯಿಗೆ ಅಷ್ಟೇನೂ ಅಚ್ಚರಿಯಾಗುವುದಿಲ್ಲ. ಅಡುಗೆಮನೆಯ ಗಾಜಿನ ಹೆಂಚಿನಿಂದ ಇಳಿದ ಇಂಥದೇ ಕೋಲು, ಒಲೆಯ ಹೊಗೆಯಲ್ಲಿ ತೇಲುತ್ತ, ಒರಳಿನ ಮಗ್ಗುಲಿಂದ ಹಾಲಿನ ಪಾತ್ರೆಯತ್ತ ಸರಿಯುವುದನ್ನು ನೋಡಿಯೇ ಊಟಕ್ಕೆ ಹೊತ್ತಾಯಿತೆನ್ನುತ್ತಿದ್ದ ಮನೆ ಅವರದು.

ಛಾಯಾಗ್ರಹಣದ ವಿಷಯದಲ್ಲಿ ಕುಟುಂಬ ಎರಡು ಪಂಥಗಳಾಗಿ ಒಡೆಯುತ್ತದೆ. ಮಗನದು ನಿರ್ಜನ ಪಂಥ: ಚಿತ್ರದಲ್ಲಿ ಗೋಡೆ, ಬೆಳಕು, ನೆರಳು ಮಾತ್ರ ಇರತಕ್ಕದ್ದು, ನೂರು ಜನರ ನಡುವೆ ನಿಂತರೂ ನರಪಿಳ್ಳೆ ಕಾಣತಕ್ಕದ್ದಲ್ಲ. ಇದಕ್ಕಿರುವ ಏಕೈಕ ಉಪಾಯವೆಂದರೆ ಕ್ಯಾಮೆರಾವನ್ನು ತಲೆಗಳಿಂದ ಮೇಲಕ್ಕೆ ತಿರುಗಿಸುವುದು. ಕ್ಯಾಮೆರಾ ನಿಲ್ಲಿಸುವ ಮುಕ್ಕಾಲಿಗೆ ಅಲ್ಲಿ ನಿಷೇಧವಿರುವುದರಿಂದ ಕತ್ತಲಲ್ಲಿ ಕೈ ನಡುಗಿ ಚಿತ್ರ ಕಲಸಿಹೋಗುತ್ತದೆ. ಅದನ್ನು ತಪ್ಪಿಸಲು ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಪ್ರಮಾಣ, ಏರಿಸಿದರೆ ಚಿತ್ರದ ಮೇಲೆ ಬಾಂಬೆ ರವೆ ಉದುರಿಸಿದಂತೆ ಕಾಳು ಕಾಣಿಸಿಕೊಳ್ಳುತ್ತದೆ. ತಾಯಿಯದು ಸಕುಟುಂಬ ಪಂಥ. ಜನರಿಲ್ಲದ ಫೋಟೋ ಕ್ಯಾಲೆಂಡರಿಗೆ ಲಾಯಕ್ಕು, ಅದಕ್ಕಾಗಿ ಇಷ್ಟು ದೂರ ಬರಬೇಕಾಗಿರಲಿಲ್ಲ ಎಂಬುದು ಈ ಪಂಥದ ಮೂಲಸೂತ್ರ. ಬ್ಯಾಗು ಒಯ್ಯುವಂತಿಲ್ಲವೆಂದು ಕಾರಿನಲ್ಲಿ ಬಿಟ್ಟ ಕೋಡುಬಳೆಯ ಚಿಂತೆ ತಲೆಯಲ್ಲಿದ್ದರೂ ಅವರು ಸೆರಗು ಸರಿಪಡಿಸಿಕೊಂಡು ನೇರ ಬಿಸಿಲುಕೋಲಿನಡಿ ನಿಲ್ಲುತ್ತಾರೆ. ‘ಅಮ್ಮಾ, ಸ್ವಲ್ಪ ಪಕ್ಕಕ್ಕೆ ಬಾ’ ಎಂದು ಮಗ ಬೇಡುವಷ್ಟರಲ್ಲಿ ‘ನೀನೂ ಬಾರೋ, ಅವರ ಕೈಲಿ ತೆಗೆಸು’ ಎಂದು ಅವರು ಕ್ಯಾಮೆರಾವನ್ನು ಅಪರಿಚಿತರೊಬ್ಬರಿಗೆ ದಾಟಿಸಿಯಾಗಿರುತ್ತದೆ.

ರಾತ್ರಿ ಹೋಟೆಲಿನಲ್ಲಿ, ರೈಸ್ ಕುಕ್ಕರಿನಲ್ಲಿ ಅನ್ನವಾಗುವ ಹೊತ್ತಿಗೆ, ಮಗ ತನ್ನ ನಿರ್ಜನ ಚಿತ್ರವನ್ನು ಬಂಧುಬಳಗದ ವಾಟ್ಸ್ಆ್ಯಪ್ ಗುಂಪಿಗೆ ಕಳಿಸುತ್ತಾನೆ. ಶಿವಮೊಗ್ಗದ ಅತ್ತೆಯಿಂದ ‘ಚೆನ್ನಾಗಿದೆ, ನೀವೆಲ್ಲ ಎಲ್ಲಿ?’ ಎಂಬ ಮರುತ್ತರ ಬರುತ್ತದೆ. ಆಗ ಸೊಸೆ, ಅಪರಿಚಿತರು ತೆಗೆದ, ಅರ್ಧ ಬೆಳ್ಳಗಾದ, ಎಲ್ಲರ ಕಣ್ಣೂ ಮುಚ್ಚಿರುವ ಚಿತ್ರವನ್ನು ಕಳಿಸಲು, ಮೂವತ್ತೆರಡು ಕೈಮುಗಿದ ಚಿಹ್ನೆಗಳ ನಡುವೆ ಅತ್ತೆಯ ಇನ್ನೊಂದು ಪ್ರಶ್ನೆ ಮೂಡುತ್ತದೆ: ‘ಹಿಂದೆ ಹಳದಿ ಟೋಪಿ ಹಾಕಿಕೊಂಡು ನಿಂತಿದ್ದಾರಲ್ಲ, ಅವರು ಸೊಸೆ ಕಡೆಯವರಾ?’