ಕುತ್ತಿಗೆ ಮ್ಯಾನೇಜರ್ರು

ಮಂಗಳೂರಿನ ಕುದ್ರೋಳಿಯಲ್ಲಿ ಗುರುತಿನವರು ಎದುರು ಸಿಕ್ಕಿದರೆ ಮುಖ ನೋಡಿ ನಗುತ್ತಾರೆ, ಆಮೇಲೆ ‘ಊಟ ಆಯ್ತಾ’ ಅನ್ನುತ್ತಾರೆ. ನಮ್ಮ ಮ್ಯಾನೇಜರ್ರ ಕಣ್ಣು ಮಾತ್ರ ಮುಖದಲ್ಲಿ ನಿಲ್ಲುವುದಿಲ್ಲ, ನೇರ ಗದ್ದದ ಕೆಳಗೆ ಇಳಿಯುತ್ತದೆ. ಅಲ್ಲಿ ನಾಲ್ಕು ಕೆಂಪು ಗುಳ್ಳೆ ಕಂಡವೋ, ನಿಮ್ಮ ಬೆಳಗ್ಗೆ ಹೋಯಿತು ಅಂತ ಲೆಕ್ಕ.

“ಎಂತದು ಮಾರಾಯ್ರೆ ಇದು, ಕುತ್ತಿಗೆಯಲ್ಲಿ?”

ಅಳಕೆ ಮಾರ್ಕೆಟಿನಲ್ಲಿ ಬಂಗುಡೆಗೆ ಚೌಕಾಸಿ ಮಾಡುತ್ತಿರುವವನ ಗದ್ದವನ್ನೂ ತೋರುಬೆರಳಿನಿಂದ ಮೇಲೆತ್ತಿಬಿಡುತ್ತಾರೆ. ಮೀನಿನ ಬಾಯಮ್ಮ ತಕ್ಕಡಿ ಹಿಡಿದುಕೊಂಡೇ ಕಾಯಬೇಕು. ಕನ್ನಡಕವನ್ನು ಹಣೆಗೇರಿಸಿ, ಹೆಬ್ಬೆರಳಿನಿಂದ ಚರ್ಮ ಸವರಿ, ಮೇಲಕ್ಕೊಮ್ಮೆ, ಕೆಳಕ್ಕೊಮ್ಮೆ, ಅಡ್ಡಕ್ಕೊಮ್ಮೆ ಉಜ್ಜಿ, “ನೋಡಿ, ಇಲ್ಲಿ ಕೂದಲು ಕೆಳಗೆ ಹೋಗ್ತದೆ. ಕಾಲರ್ ಹತ್ತಿರ ಮೇಲೆ ಬರ್ತದೆ. ಈ ಬದಿಯಲ್ಲಿ ಓರೆ. ನೀವು ಎಲ್ಲ ಕಡೆ ಕೆಳಗಿನಿಂದ ಮೇಲೆ ಎಳೆದಿದ್ದೀರಿ!” ಎಂದು ತೀರ್ಪು ಕೊಡುತ್ತಾರೆ. ಬ್ಯಾಂಕಿನಲ್ಲಿದ್ದಾಗ ಸಾಲ ಕೊಡುವ ಮೊದಲು ಅಡವಿನ ಜಾಗವನ್ನು ಸ್ವತಃ ನಡೆದು ನೋಡಿದ ಮನುಷ್ಯ. ಆ ಚಾಳಿ ಹಾಗೆಯೇ ಉಳಿದಿದೆ.

ಬ್ಯಾಂಕು ಮಾತ್ರ ಉಳಿದಿಲ್ಲ. ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹುಟ್ಟಿದ ವಿಜಯಾ, ಕಾರ್ಪೊರೇಶನ್, ಸಿಂಡಿಕೇಟ್ ಮೂರೂ 2019, 2020ರಲ್ಲಿ ದೊಡ್ಡ ಬ್ಯಾಂಕುಗಳ ಹೊಟ್ಟೆಗೆ ಹೋದವಲ್ಲ, ಅವುಗಳಲ್ಲಿ ಇವರದ್ದೂ ಒಂದು. ಆ ಸಂಕಟವನ್ನೆಲ್ಲ ಅವರು ರೇಜರಿನ ಮೇಲೆ ತೀರಿಸಿಕೊಳ್ಳುತ್ತಾರೆ. “ಒಂದು ಬ್ಲೇಡು ಮಾಡುವ ಕೆಲಸಕ್ಕೆ ಐದು ಬ್ಲೇಡು! ವಿಲೀನ ಮಾಡಿದ ಕೂಡಲೇ ಸರ್ವಿಸ್ ಒಳ್ಳೆದಾಗ್ತದಾ? ಮೊದಲನೆಯದು ಕೂದಲು ಎಳೀತದೆ, ಹಿಂದಿನದು ಚರ್ಮದ ಮಟ್ಟಕ್ಕಿಂತ ಕೆಳಗೆ ಕತ್ತರಿಸ್ತದೆ. ಆ ಕೂದಲು ಮತ್ತೆ ಹೊರಗೆ ಬರುವ ದಾರಿ ತಪ್ಪಿ ಒಳಗೇ ಸುತ್ತಿಕೊಳ್ತದೆ. ಗುಳ್ಳೆ ಏಳದೆ ಇನ್ನೇನು?”

ಅವರದ್ದು ಒಂಟಿ ಬ್ಲೇಡಿನ ಹಳೆಯ ಸ್ಟೀಲ್ ರೇಜರು, ಬ್ರಶ್ಶು, ಬಟ್ಟಲಲ್ಲಿ ದುಂಡು ಸಾಬೂನು. 1904ರಲ್ಲಿ ಜಿಲೆಟ್ ಎಂಬ ಅಮೆರಿಕದವನು ಇಂಥ ರೇಜರಿಗೆ ಪೇಟೆಂಟ್ ಪಡೆದ ಮೇಲೆ ಆ ವಿಷಯದಲ್ಲಿ ಮನುಷ್ಯಕುಲ ಹೊಸದಾಗಿ ಕಲಿಯಲು ಏನೂ ಉಳಿದಿಲ್ಲ ಎಂದು ಅವರ ನಂಬಿಕೆ. ಬ್ಲೇಡು ಹಾಕಿದ ದಿನ ಕ್ಯಾಲೆಂಡರಿನಲ್ಲಿ ನೀಲಿ ಗುರುತು, ಐದು ಶೇವಿಂಗ್ ಆದ ಮೇಲೆ ಕೆಂಪು ಗುರುತು. ಹೆಂಡತಿ ಅದೇ ಕ್ಯಾಲೆಂಡರಿನಲ್ಲಿ ಗ್ಯಾಸ್ ಬಂದ ದಿನ ಬರೆಯುತ್ತಾರೆ. ಎರಡೂ ಗೊಂದಲವಾಗಿ ಒಮ್ಮೆ ದೊಡ್ಡ ರಂಪವೇ ಆಯಿತಂತೆ.

ಅವರ ವಿಧಿ ಇಷ್ಟೇ. ಸ್ನಾನ ಮುಗಿದ ಮೇಲೆಯೇ ಶೇವಿಂಗ್, ಕೂದಲು ಮೆತ್ತಗಾಗಿರುತ್ತದೆ. ನೊರೆ ಹಚ್ಚಿ ಎರಡು ಮೂರು ನಿಮಿಷ ಬಿಡಬೇಕು. ಕೂದಲು ಹೋದ ಕಡೆಗೇ ರೇಜರು ಹೋಗಬೇಕು. ಚರ್ಮ ಎಳೆದು ಹಿಡಿಯಬಾರದು, ಒತ್ತಬಾರದು, ಒಂದೇ ಜಾಗಕ್ಕೆ ನೊರೆಯಿಲ್ಲದೆ ಎರಡನೇ ಸಲ ಹೋಗಲೇಬಾರದು. ಕೊನೆಗೆ ತಣ್ಣೀರು. ‘ನುಣ್ಣಗೆ ಆಗಲಿಲ್ಲವಲ್ಲ’ ಎಂದು ಗೊಣಗಿದರೆ, “ನಿಮ್ಮ ಕುತ್ತಿಗೆಯನ್ನು ಯಾರು ಮುಟ್ಟಿ ನೋಡ್ತಾರೆ?” ಅಂತ ಕೇಳುತ್ತಾರೆ. ಅವರೇ ಈಗಷ್ಟೇ ಮುಟ್ಟಿ ನೋಡಿದ್ದು ಅವರಿಗೆ ನೆನಪಿರುವುದಿಲ್ಲ.

ಉರಿ ಎದ್ದ ಮೇಲೆ ಬಂದವರಿಗೆ ಬೈಗುಳ ಮೊದಲು, ಮದ್ದು ಆಮೇಲೆ. ಚುರುಗುಟ್ಟುವ ಆಫ್ಟರ್‌ಶೇವ್ ಬೇಡ. ಸ್ಫಟಿಕವೆಂದರೆ ಅವರಿಗೆ ಗೌರವವೇ, ಆದರೆ ಗಾಯವಾದರೆ ಮಾತ್ರ. ಉರಿಯುವ ಚರ್ಮಕ್ಕೆ ತಿಕ್ಕಿದರೆ ಇನ್ನಷ್ಟು ಒಣಗಿ ಬಿರಿಯುತ್ತದೆ. ತಣ್ಣೀರಲ್ಲಿ ಅದ್ದಿದ ಬಟ್ಟೆ, ಬೇಕಾದರೆ ಸ್ವಲ್ಪ ಲೋಳೆಸರ, ಮೂರು ದಿನ ರೇಜರಿಗೆ ರಜೆ. ನಮ್ಮೂರಿನ ಬೆವರಿಗೆ ಬಿಗಿ ಕಾಲರು ತಿಕ್ಕಿದರೆ ವಾಸಿಯಾದದ್ದೂ ಕೆರಳುತ್ತದೆ, ಮೇಲಿನ ಗುಂಡಿ ಬಿಚ್ಚಿಡಿ. ಕೀವು ತುಂಬಿದರೆ ಚರ್ಮದ ಡಾಕ್ಟರು. ಮೆಡಿಕಲಿನಲ್ಲಿ ಕೇಳಿ ತಂದ ಟ್ಯೂಬನ್ನು ಯಾರಾದರೂ ಕಿಸೆಯಿಂದ ತೆಗೆದರೆ ಅವರ ಧ್ವನಿ ಏರುತ್ತದೆ: “ಸ್ಟಿರಾಯ್ಡ್ ಉಂಟು ಮಾರಾಯಾ ಇದರಲ್ಲಿ! ಎರಡು ದಿನ ಚಂದ ಕಾಣ್ತದೆ, ಹಚ್ಚುತ್ತಾ ಹೋದರೆ ಚರ್ಮವೇ ತೆಳ್ಳಗಾಗ್ತದೆ.” ಇಷ್ಟರಲ್ಲಿ ಒಂದಾದರೂ ತಪ್ಪಿದ್ದಿದ್ದರೆ ನಾವು ವಾದ ಮಾಡಿ ಹಗುರಾಗಬಹುದಿತ್ತು.

ಇತ್ತೀಚೆಗೆ ಅವರು ಕೊಂಚ ಸೊರಗಿದ್ದರು. ಹುಡುಗರೆಲ್ಲ ಗಡ್ಡ ಬಿಟ್ಟಿದ್ದಾರೆ. ಬೈಕಿನ ಮೇಲೂ ಗಡ್ಡ, ಮದುವೆ ಮಂಟಪದಲ್ಲೂ ಗಡ್ಡ, ಅವರ ಸ್ವಂತ ಮಗನ ಮುಖದಲ್ಲೂ ಎದೆ ಮುಟ್ಟುವ ಗಡ್ಡ. ಪರೀಕ್ಷೆಗೆ ಸಿಗುವ ಕುತ್ತಿಗೆಗಳೇ ಕಡಿಮೆಯಾದವು.

ಅಷ್ಟರಲ್ಲಿ ನವರಾತ್ರಿ ಬಂತು. 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠೆ ಮಾಡಿದ ಗೋಕರ್ಣನಾಥನ ಕ್ಷೇತ್ರಕ್ಕೆ ಬಣ್ಣದ ದೀಪ ಬಿದ್ದವು, ಓಣಿಗಳಲ್ಲಿ ತಾಸೆ ಬಡಿಯಿತು. ಹುಲಿವೇಷಕ್ಕೆ ಮೈಮೇಲೆ ರೋಮ ಉಳಿದರೆ ಬಣ್ಣ ಸರಿಯಾಗಿ ಕೂರುವುದಿಲ್ಲ. ಎದೆ, ತೋಳು, ಕಾಲು, ಕುತ್ತಿಗೆ ಎಲ್ಲ ಬೋಳಿಸಲೇಬೇಕು. ಮೇಲೆ ಪೇಂಟು, ಅದನ್ನು ತೆಗೆಯಲು ಸೀಮೆಎಣ್ಣೆ. ಮ್ಯಾನೇಜರ್ರಿಗೆ ಇದಕ್ಕಿಂತ ದೊಡ್ಡ ಹಬ್ಬ ಬೇಕೇ? ಹುಲಿಗಳು ಪೇಂಟು ಒಣಗುವವರೆಗೆ ಕೈ ಅಗಲಿಸಿ, ಕೋಲು ಹಿಡಿದು ಗಂಟೆಗಟ್ಟಲೆ ನಿಂತಿರಬೇಕು. ತಪ್ಪಿಸಿಕೊಂಡು ಓಡುವ ಹಾಗಿಲ್ಲ.

“ಇವತ್ತು ಬೋಳಿಸಿ ಇವತ್ತೇ ಪೇಂಟು ಹಚ್ಚುವುದಾ? ಒಂದು ರಾತ್ರಿಯಾದರೂ ಚರ್ಮಕ್ಕೆ ಪುರುಸೊತ್ತು ಕೊಡಿ.”

“ಟೈಮ್ ಎಲ್ಲಿ ಉಂಟು ಸರ್, ಆಫೀಸಿನಿಂದ ಬಂದದ್ದೇ ಈಗ,” ಅಂತ ಅರ್ಧ ಹಳದಿಯಾಗಿದ್ದ ಹುಲಿ ಅಂದಿತು.

ಮೆರವಣಿಗೆಯ ರಾತ್ರಿ ಮಣ್ಣಗುಡ್ಡೆಯ ರಸ್ತೆ ಬದಿಯಲ್ಲಿ ಅವರ ಪಕ್ಕದಲ್ಲೇ ನಿಂತಿದ್ದೆ. ಒಂದು ಮರಿಹುಲಿ ಕುಣಿದ ರಭಸಕ್ಕೆ ಜನ ಹುಚ್ಚೆದ್ದರು. ಕುತ್ತಿಗೆ ಕೊಂಕಿಸುವುದೇನು, ತಲೆ ಒದರುವುದೇನು, ಗಾಳಿಯಲ್ಲಿ ಪಲ್ಟಿ ಹೊಡೆಯುವುದೇನು! ಒಬ್ಬರು ನೋಟು ತೆಗೆದು ಹಾರಿಸಿದರು. ಪಕ್ಕದ ಅಜ್ಜಿ ‘ಮೈಮೇಲೆ ಹುಲಿಯೇ ಬಂದಿದೆ’ ಎಂದು ಕೈ ಮುಗಿದರು.

ಮ್ಯಾನೇಜರ್ರು ಕನ್ನಡಕ ಹಣೆಗೇರಿಸಿ ನನ್ನ ಕಿವಿಯ ಹತ್ತಿರ ಬಾಗಿದರು.

“ಕೆಳಗಿನಿಂದ ಮೇಲೆ ಎಳೆದಿದ್ದಾನೆ.”