ಎಂಬತ್ತೇಳರ ಮಗ್ಗಿ

ಮನೆಮಂದಿಯೆಲ್ಲ ಕಾಪು ಬೀಚಿಗೆ ಹೋದ ಸಂಜೆ. ಮಕ್ಕಳು ನೀರಿಗಿಳಿದಿದ್ದಾರೆ, ಹೆಂಗಸರು ಚುರುಮುರಿ ಗಾಡಿಯ ಎದುರು ನಿಂತಿದ್ದಾರೆ, ಉಳಿದವರು ಫೋನು ಎತ್ತಿ ಹಿಡಿದು ಸೂರ್ಯ ಮುಳುಗುವುದನ್ನು ಕಾಯುತ್ತಿದ್ದಾರೆ. ಒಬ್ಬರು ಮಾತ್ರ ಸೂರ್ಯನ ಗೊಡವೆ ಬಿಟ್ಟು ಬಂಡೆಯ ಮೇಲಿನ ದೀಪಸ್ತಂಭವನ್ನೇ ನೋಡುತ್ತ ತುಟಿ ಅಲ್ಲಾಡಿಸುತ್ತಿದ್ದಾರೆ. ಸಂಧ್ಯಾವಂದನೆ ಇರಬೇಕೆಂದು ಪಕ್ಕದವರು ಸರಿದು ದಾರಿ ಬಿಡುತ್ತಾರೆ. ಅದು ಭಾಗಾಕಾರ. 1901ರಲ್ಲಿ ಕಟ್ಟಿದ ದೀಪಸ್ತಂಭ, ಎತ್ತರ 27 ಮೀಟರ್ ಚಿಲ್ಲರೆ. 87ರಿಂದ ಭಾಗಿಸಿದರೆ 31 ಸೆಂಟಿಮೀಟರ್. "ಪಿವಿಸಿ ಪೈಪಿನಲ್ಲಿ ಆಗ್ತದೆ," ಎಂದು ಅವರು ತಮಗೆ ತಾವೇ ಹೇಳಿಕೊಳ್ಳುತ್ತಾರೆ. ಚುರುಮುರಿ ಪೊಟ್ಟಣ ಹಿಡಿದು ಬಂದ ಹೆಂಡತಿಗೆ ಆ ಮುಖ ನೋಡಿದ ಕೂಡಲೇ ಗೊತ್ತಾಗುತ್ತದೆ, ಮನೆಯ ಹಾಲಿನಲ್ಲಿ ಉಳಿದಿದ್ದ ಇನ್ನೊಂದು ಮೂಲೆಯೂ ಹೋಯಿತು ಅಂತ.

ಉಡುಪಿ ಸೀಮೆಯಲ್ಲಿ ಬ್ಯಾಂಕಿನಿಂದ ನಿವೃತ್ತರಾದವರು ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತಾರೆ. ಒಂದೋ ತಾಳಮದ್ದಳೆಯಲ್ಲಿ ಅರ್ಥ ಹೇಳಲು ಕೂರುತ್ತಾರೆ, ಇಲ್ಲವೇ ಯಾವುದಾದರೂ ಜೀರ್ಣೋದ್ಧಾರ ಸಮಿತಿಯ ಖಜಾಂಚಿಯಾಗುತ್ತಾರೆ. ಮೂರನೆಯ ಪಂಗಡ ಅಪರೂಪ. ಅದು ಮನೆಯೊಳಗೆ ರೈಲು ಓಡಿಸುತ್ತದೆ. ನಿಜವಾದ ರೈಲಿನ 87ರಲ್ಲಿ ಒಂದು ಪಾಲು. ಈ ಅಳತೆಗೆ ಎಚ್‌ಓ ಎಂದು ಹೆಸರು. ಅದಕ್ಕೂ ಹಿಂದಿನ 'ಓ' ಅಳತೆಯ ಅರ್ಧ, ಆದ್ದರಿಂದ 'ಹಾಫ್ ಓ'. ಬೀಚಿನಲ್ಲಿ ಭಾಗಾಕಾರ ಮಾಡುತ್ತಿದ್ದವರು ಈ ಪಂಗಡದವರು; ಕೇರಿಯವರಿಗೆ ಇವರು ರೈಲು ಮಾಮ.

ರೈಲು ಮಾಮನ ಮುಂದೆ ಆಡಬಾರದ ಮಾತು ಎರಡುಂಟು. ಮೊದಲನೆಯದು 'ಆಟಿಕೆ'. ಎರಡನೆಯದು 'ಬೋಗಿ'. "ಎಷ್ಟು ಬೋಗಿ ಉಂಟು ಮಾಮ ನಿಮ್ಮ ರೈಲಿಗೆ?" ಎಂದು ಯಾರಾದರೂ ವಿಶ್ವಾಸದಿಂದ ಕೇಳಿದರೆ ಮುಗಿಯಿತು. ಒಂದು ಡಬ್ಬಿಯನ್ನು ಹಳಿಯಿಂದ ಎತ್ತಿ, ಮಗುವಿನ ಅಂಗಾಲು ತೋರಿಸುವ ಹಾಗೆ ತಿರುಗಿಸಿ, ಅಡಿಯಲ್ಲಿರುವ ನಾಲ್ಕು ಗಾಲಿಗಳ ಚೌಕಟ್ಟಿನ ಮೇಲೆ ಬೆರಳಿಟ್ಟು ಹೇಳುತ್ತಾರೆ: "ಇದು ಬೋಗಿ. ಮೇಲಿದ್ದದ್ದು ಕೋಚು. ಒಂದು ಕೋಚಿಗೆ ಎರಡು ಬೋಗಿ." ಪತ್ರಿಕೆಯಲ್ಲಿ 'ಹಳಿ ತಪ್ಪಿದ ಬೋಗಿಗಳು' ಎಂದು ಬಂದ ದಿನ ಅವರು ಪ್ರಯಾಣಿಕರ ಕ್ಷೇಮ ವಿಚಾರಿಸುವ ಮುಂಚೆ ಶೀರ್ಷಿಕೆ ತಿದ್ದುತ್ತಾರೆ. ಹೆಂಡತಿ ಮಾತ್ರ ಇಂದಿಗೂ ಬೋಗಿ ಎಂದೇ ಅನ್ನುವುದು. ಅದು ಮರೆವಲ್ಲ ಎಂದು ನೋಡಿದವರ ಅಂಬೋಣ.

ಈ ಹುಚ್ಚಿಗೆ ಒಂದು ಕಾರಣವೂ ಇದೆ, ಅದು ಉಡುಪಿಯ ಚರಿತ್ರೆಯಲ್ಲೇ ಇದೆ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅಲ್ಲಿಂದ ಉಡುಪಿಗೆ ಬರಲು ಅದು ತೆಗೆದುಕೊಂಡದ್ದು 86 ವರ್ಷ. 1993ರ ಮಾರ್ಚ್‌ನಲ್ಲಿ ಕೊಂಕಣ ರೈಲ್ವೆಯ ಮಂಗಳೂರು–ಉಡುಪಿ ತುಂಡು ತೆರೆಯಿತು; ರೋಹಾದಿಂದ ತೋಕೂರಿನವರೆಗಿನ 741 ಕಿ.ಮೀ. ದಾರಿ ಪೂರ್ತಿಯಾದದ್ದು 1998ರ ಜನವರಿ 26ಕ್ಕೆ. ರೈಲು ಮಾಮ ಹುಟ್ಟಿ ಬೆಳೆದದ್ದು ಅದಕ್ಕೂ ಹಿಂದೆ. ಪರ್ಯಾಯ ಉತ್ಸವದ ಜಂಗುಳಿಯಲ್ಲಿ ರಥಬೀದಿಯಲ್ಲಿ ಅಜ್ಜ ಕೊಡಿಸಿದ ಕೀಲಿ ರೈಲು ಕೈಯಲ್ಲಿದ್ದಾಗ ಊರಿನಲ್ಲಿ ಹಳಿಯೇ ಇರಲಿಲ್ಲ. ಅಂದರೆ ಅವರ ಮಟ್ಟಿಗೆ ಮೊದಲು ಬಂದದ್ದು ಸಣ್ಣ ರೈಲು. ಉಡುಪಿ ಸ್ಟೇಷನ್ನಿರುವ ಇಂದ್ರಾಳಿಯಲ್ಲಿ ಬಂದು ನಿಂತದ್ದು ಅದರದೇ 87 ಪಟ್ಟು ದೊಡ್ಡ ಪ್ರತಿ. ಇಂಜಿನು ಸಿಳ್ಳೆ ಹಾಕಿದಾಗ ಜನ ತೆಂಗಿನಕಾಯಿ ಒಡೆದರೆ ಇವರು ಜೇಬಿನಿಂದ ಟೇಪು ತೆಗೆದರಂತೆ.

ಟೇಪಿನಿಂದಲೇ ದುಃಖ ಶುರುವಾದದ್ದು. ನಮ್ಮ ಬ್ರಾಡ್‌ಗೇಜ್ ಹಳಿಗಳ ನಡುವಿನ ಅಂತರ 1676 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ 19.26 ಬರುತ್ತದೆ. ಆದರೆ ಜಗತ್ತಿನಲ್ಲಿ ಮಾರಾಟಕ್ಕಿರುವ ಎಚ್‌ಓ ಹಳಿಯ ಅಂತರ 16.5 ಮಿ.ಮೀ. ಅದು ಯುರೋಪು, ಅಮೆರಿಕಗಳ 1435 ಮಿ.ಮೀ. ಹಳಿಗೆ ಲೆಕ್ಕ ಹಾಕಿದ್ದು. ಹಾಗಾಗಿ ಭಾರತದ ರೈಲನ್ನು ಇಲ್ಲಿ ಓಡಿಸುವವರೆಲ್ಲ 2.76 ಮಿ.ಮೀ. ಸುಳ್ಳಿನ ಮೇಲೆ ಓಡಿಸುತ್ತಿದ್ದಾರೆ. ಕಣ್ಣಿಗೆ ಬೀಳದಷ್ಟು ಸಣ್ಣ ಸುಳ್ಳು. ಆದರೂ ಬ್ಯಾಂಕಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಸಂಜೆಯ ಕ್ಯಾಶು ತಾಳೆ ಮಾಡಿದ ಮನುಷ್ಯನಿಗೆ ಈ 2.76 ರಾತ್ರಿ ನಿದ್ದೆಯಲ್ಲಿ ಬರುತ್ತದೆ. ಸರಿಯಾದ ಅಂತರದ ಹಳಿಯನ್ನು ಕೈಯಾರೆ ಮಾಡುವ ಪ್ರಯತ್ನವೂ ಒಮ್ಮೆ ನಡೆಯಿತು. ಮೂರು ತಿಂಗಳಲ್ಲಿ ಎರಡು ಅಡಿ ಹಳಿ ತಯಾರಾಯಿತು. ಅದರ ಮೇಲೆ ಓಡುವ ಗಾಲಿ ಎಲ್ಲಿಯೂ ಸಿಗಲಿಲ್ಲ. ಈಗ ಅದು ದೇವರ ಕೋಣೆಯ ಪಕ್ಕದ ಗೂಡಿನಲ್ಲಿದೆ.

ದುಡ್ಡಿನ ವಿಷಯಕ್ಕೆ ಬಂದರೆ, ದಿನಕ್ಕೆ ಎರಡಾಣೆ ಕೂಡಿಸುವ ಪಿಗ್ಮಿ ಠೇವಣಿಯನ್ನು 1928ರಲ್ಲಿ ಶುರುಮಾಡಿದ ಸಿಂಡಿಕೇಟ್ ಬ್ಯಾಂಕಿನ ಊರು ಇದು. ಇಲ್ಲಿಯ ಹುಚ್ಚು ಕೂಡ ಕಂತಿನಲ್ಲೇ ನಡೆಯುತ್ತದೆ. ಈ ತಿಂಗಳು ಒಂದು ಜೊತೆ ಗಾಲಿ, ಬರುವ ತಿಂಗಳು ಕೊಂಡಿ, ದೀಪಾವಳಿಗೆ ಒಂದು ಮೋಟಾರು. ಹೊರದೇಶದಿಂದ ಇಂಜಿನು ತರಿಸುವುದು ಜನ್ಮಕ್ಕೊಮ್ಮೆಯ ಸಾಹಸ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ ಹಾರಿತು, 2023ರಲ್ಲಿ 70 ಮುಟ್ಟಿತು. ಸುಂಕ ಕಟ್ಟಿದ ರಸೀತಿ ನೋಡಿ ಮಾಮ ಎರಡು ದಿನ ಮಾತು ಬಿಟ್ಟರು. ಮೊತ್ತಕ್ಕಲ್ಲ, ರಸೀತಿಯಲ್ಲಿ 'ಆಟಿಕೆ' ಎಂದು ಬರೆದಿದ್ದಕ್ಕೆ. ಅಂದಿನಿಂದ ಕೊಲ್ಲಿಯಲ್ಲಿರುವ ಅಳಿಯನೇ ಗತಿ. ಉಳಿದ ನೆಂಟರು ಖರ್ಜೂರ, ಅತ್ತರು, ಫೋನು ಎಂದು ಪಟ್ಟಿ ಕೊಟ್ಟರೆ ಮಾವ ಕೊಡುವ ಚೀಟಿಯಲ್ಲಿ ಬರೀ ನಂಬರುಗಳು. ಅಳಿಯ ಅದನ್ನು ಮೊದಲ ಸಲ ಲಾಟರಿ ಎಂದುಕೊಂಡಿದ್ದ.

ಕೊಂಡದ್ದಕ್ಕಿಂತ ಮಾಡಿದ್ದರ ಮೇಲೆಯೇ ಅಭಿಮಾನ ಹೆಚ್ಚು, ಮತ್ತು ಅದು ನ್ಯಾಯವೂ ಹೌದು. ಪಣಂಬೂರು ಬಂದರಿನಿಂದ ನಂದಿಕೂರಿನ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ಹೊರುವ ಬಾಕ್ಸ್‌ಎನ್ ವ್ಯಾಗನ್ನು ಅವರ ಮೇಜಿನ ಮೇಲೆ ಹುಟ್ಟುವುದನ್ನು ನೋಡಬೇಕು. ಒಂದು ಮಿ.ಮೀ. ದಪ್ಪದ ಸನ್‌ಬೋರ್ಡಿನಿಂದ ಗೋಡೆ ಕತ್ತರಿಸಿ, ಹೊರಮೈಯ ಪಟ್ಟಿಗಳನ್ನು ಚಿಮಟದಲ್ಲಿ ಹಿಡಿದು ಒಂದೊಂದಾಗಿ ಅಂಟಿಸಿ, ಅಂಟು ಹಿಡಿಯುವ ತನಕ ಉಸಿರು ಬಿಗಿಹಿಡಿದು ಕೂತಿರುತ್ತಾರೆ. ಆಮೇಲೆ ಗೇಟಿಗೆ ಬಳಿಯುವ ಅದೇ ರೆಡ್‌ಆಕ್ಸೈಡ್. ಬಣ್ಣ ಒಣಗಿ ಫಳಫಳ ಹೊಳೆಯುವಾಗ ನೋಡುವವರಿಗೆ ಖುಷಿ, ಮಾಮನಿಗೆ ಅಸಹ್ಯ. ಬಚ್ಚಲೊಲೆಯ ಮಸಿಯನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಮೂಲೆಗಳಿಗೆ ತುಕ್ಕಿನ ಛಾಯೆ ಕೊಟ್ಟು, ಹತ್ತು ವರ್ಷ ಮಳೆಗೆ ನೆನೆದ ವ್ಯಾಗನ್ನಿನ ಹಾಗೆ ಮಾಡಿದ ಮೇಲೆಯೇ ಸಮಾಧಾನ. "ಹೊಸದನ್ನು ಹಳೇದು ಮಾಡ್ಲಿಕ್ಕೆ ಮೂರು ದಿನ. ಮನೆಯ ಹಳೇ ಗೇಟಿಗೆ ಬಣ್ಣ ಬಳೀಲಿಕ್ಕೆ ಮಾತ್ರ ಪುರುಸೊತ್ತಿಲ್ಲ," ಎಂಬುದು ಒಳಗಿನಿಂದ ಬರುವ ವಿಮರ್ಶೆ.

ವ್ಯಾಗನ್ನು ಒಂದಕ್ಕೆ 12 ಸೆಂ.ಮೀ. ಚಿಲ್ಲರೆ. ಅಸಲಿ ಗಾಡಿಯಲ್ಲಿ 58 ಇರುತ್ತವೆ. ಅಷ್ಟನ್ನೂ ಜೋಡಿಸಿದರೆ ಏಳು ಮೀಟರ್; ಹಾಲು ಇರುವುದು ಹದಿನಾಲ್ಕು ಅಡಿ. ಇಂಜಿನು ತುಳಸಿಕಟ್ಟೆ ಮುಟ್ಟುವಾಗ ಕೊನೆಯ ವ್ಯಾಗನ್ನು ಅಡುಗೆಮನೆಯಲ್ಲಿರುತ್ತದೆ. ಆದ್ದರಿಂದ ಒಂಬತ್ತಕ್ಕೆ ನಿಲ್ಲಿಸಿದ್ದಾರೆ. ಇಡೀ ಕೊಂಕಣ ರೈಲ್ವೆಯನ್ನೇ ಈ ಅಳತೆಯಲ್ಲಿ ಹಾಸುವುದಾದರೆ ಎಂಟೂವರೆ ಕಿ.ಮೀ. ಜಾಗ ಬೇಕು. ರಥಬೀದಿಯಿಂದ ಮಣಿಪಾಲಕ್ಕೆ ಹೋಗಿ ವಾಪಸು ಇಂದ್ರಾಳಿ ತನಕ ಬಂದಷ್ಟು. ಆ ಲೆಕ್ಕವನ್ನೂ ಹಾಕಿಟ್ಟಿದ್ದಾರೆ ಎಂಬುದೇ ಮನೆಯವರಿಗೆ ಭಯ.

ಸ್ಟೇಷನ್ ಬೋರ್ಡಿನ ಕತೆ ಕೇರಿಯಲ್ಲಿ ಎಲ್ಲರಿಗೂ ಗೊತ್ತು. ಹಳದಿ ಹಲಗೆ, ಕಪ್ಪಕ್ಷರ, 'ಇನ್ನಂಜೆ' ಎಂದು ಮೂರು ಭಾಷೆಯಲ್ಲಿ. ಜೆರಾಕ್ಸ್ ಅಂಗಡಿಯ ಹುಡುಗ ಕಂಪ್ಯೂಟರಿನಲ್ಲಿ ಕುಗ್ಗಿಸಿ ಕುಗ್ಗಿಸಿ ಕೊನೆಗೆ ಕೈ ಎತ್ತಿದ.

"ಇಷ್ಟು ಸಣ್ಣ ಮಾಡಿದ್ರೆ ಓದ್ಲಿಕ್ಕೆ ಆಗುದಿಲ್ಲ ಸಾರ್."

"ಓದುವವರು ಎರಡು ಸೆಂಟಿಮೀಟರ್ ಎತ್ತರ ಇದ್ದಾರೆ ಮಾರಾಯ. ಅವರಿಗೆ ಸಾಕು."

ಹುಡುಗ ಮುದ್ರಿಸಿ ಕೊಟ್ಟ. ದುಡ್ಡು ತೆಗೆದುಕೊಳ್ಳಲಿಲ್ಲ. ಮನೆಯಲ್ಲಿ ಯಾರಾದರೂ ನೋಡಿಕೊಳ್ಳುವವರು ಇದ್ದಾರೋ ಎಂದು ಮಾತ್ರ ಕೇಳಿದ.

ಮಳೆಗಾಲ ಬಂತೆಂದರೆ ಕೊಂಕಣ ರೈಲ್ವೆ ಮಳೆಗಾಲದ ವೇಳಾಪಟ್ಟಿ ಹೊರಡಿಸಿ ಗಾಡಿಗಳ ವೇಗ ಇಳಿಸುತ್ತದೆ. ಮಾಮನ ಹಾಲಿನಲ್ಲಿಯೂ ಅದೇ ಪದ್ಧತಿ, ಆದರೆ ಇಲ್ಲಿ ಸುತ್ತೋಲೆ ಬೇಕಾಗಿಲ್ಲ. ಇಂಜಿನಿಗೆ ಕರೆಂಟು ಹಳಿಯಿಂದ ಗಾಲಿಯ ಮೂಲಕ ಹತ್ತಬೇಕು, 12 ವೋಲ್ಟ್. ಉಡುಪಿಯ ಆಷಾಢದಲ್ಲಿ ಉಪ್ಪಿನ ಭರಣಿಯೇ ನೀರಾಗುವಾಗ ಹಳಿ ಕಿಲುಬು ಹಿಡಿಯದೆ ಇರುತ್ತದೆಯೇ? ರೈಲು ಎರಡು ಗೇಣು ಓಡಿ, ಕೆಮ್ಮಿ, ನಿಲ್ಲುತ್ತದೆ. ಪ್ಲೈವುಡ್ಡು ಉಬ್ಬಿ ಹೊಸ ಘಾಟಿಗಳು ಹುಟ್ಟಿಕೊಳ್ಳುತ್ತವೆ. ಹೀರೆಕಾಯಿ ನಾರಿನಲ್ಲಿ ಮಾಡಿದ ಮರಗಳಿಗೆ ನಿಜವಾದ ಬೂಷ್ಟು ಬರುತ್ತದೆ. ಚಹಾ ಚರಟ ಒಣಗಿಸಿ ಮಾಡಿದ ನೆಲದಲ್ಲಿ ಇರುವೆ ಸಾಲು ಹೊರಡುತ್ತದೆ. 87ರ ಲೆಕ್ಕದಲ್ಲಿ ಅವು ಒಂದೊಂದೂ ದೊಡ್ಡ ನಾಯಿಯಷ್ಟು. ನಾಲ್ಕು ತಿಂಗಳು ಮಾಮ ಪೆನ್ಸಿಲ್ ರಬ್ಬರು ಹಿಡಿದು ಗ್ಯಾಂಗ್‌ಮನ್ ಹಾಗೆ ಹಳಿಯುದ್ದಕ್ಕೂ ಉಜ್ಜುತ್ತ ಸಾಗುತ್ತಾರೆ. ಅಷ್ಟೇ ಹೊತ್ತು ನೆಲ ಒರೆಸಿದ್ದರೆ ಎಂಬ ವಾಕ್ಯವನ್ನು ಅಡುಗೆಮನೆ ಪೂರ್ತಿ ಮಾಡುವುದಿಲ್ಲ.

ಇದೇ ಪಂಗಡದ ಇನ್ನೊಂದು ಶಾಖೆ ಮಣಿಪಾಲದಲ್ಲಿದೆ. ವಯಸ್ಸು ಇಪ್ಪತ್ತು, ಇಂಜಿನಿಯರಿಂಗ್ ಮೂರನೇ ವರ್ಷ, ಊರು ಉತ್ತರದ ಕಡೆ, ಕನ್ನಡದಲ್ಲಿ ಬರುವುದು 'ಎಷ್ಟು' ಮತ್ತು 'ಸ್ವಲ್ಪ'. ಬಾಡಿಗೆ ರೂಮಿನಲ್ಲಿ ಮಂಚಕ್ಕಿಂತ ದೊಡ್ಡ ಜಾಗ ತ್ರೀಡಿ ಪ್ರಿಂಟರಿಗೆ. ಮಾಮ ಆಲ್ಕೊ ಡೀಸೆಲ್ ಇಂಜಿನಿನ ಅಳತೆ ಹೇಳಿದರೆ ಈತ ರಾತ್ರಿಯಿಡೀ ಪ್ಲಾಸ್ಟಿಕ್ ಕರಗಿಸಿ ಬೆಳಗ್ಗೆ ಮೂತಿ, ಛಾವಣಿ, ಮೆಟ್ಟಿಲು ತಂದು ಕೊಡುತ್ತಾನೆ. ಇಂಜಿನಿನೊಳಗೆ ಚಿಪ್ಪು ಕೂರಿಸಿ, ಇಂದ್ರಾಳಿ ಪ್ಲಾಟ್‌ಫಾರ್ಮಿನಲ್ಲಿ ಫೋನಿಗೆ ಹಿಡಿದ ಹಾರ್ನಿನ ಶಬ್ದವನ್ನು ತುಂಬಿಸಿದವನೂ ಅವನೇ. ಮೊದಲ ರಾತ್ರಿ ಆ ಹಾರ್ನು ಮೊಳಗಿದಾಗ ಪಕ್ಕದ ಮನೆಯ ಅಜ್ಜಿ ಕಿಟಕಿ ತೆರೆದು, "ಮತ್ಸ್ಯಗಂಧ ಇಷ್ಟು ಲೇಟಾ ಇವತ್ತು?" ಎಂದು ಕೇಳಿದರು. ಮಾಮನ ಜೀವನದಲ್ಲಿ ಅಂಥ ಪ್ರಶಸ್ತಿ ಇನ್ನೊಂದಿಲ್ಲ.

ಆದರೆ 2022ರಲ್ಲಿ ಕೊಂಕಣ ರೈಲ್ವೆಯ ವಿದ್ಯುದೀಕರಣ ಮುಗಿಯಿತು. ಊರಿಗೆ ಹೊಗೆ ಕಡಿಮೆಯಾಯಿತು, ಖರ್ಚು ಕಡಿಮೆಯಾಯಿತು, ಎಲ್ಲರೂ ಸಂತೋಷಪಟ್ಟರು. ಮಾಮ ಹಾಲಿನ ಬಾಗಿಲು ಹಾಕಿಕೊಂಡು ಒಂದು ನಿರ್ಧಾರ ಮಾಡಿದರು: ಒಳಗೆ ತಂತಿ ಎಳೆಯುವುದಿಲ್ಲ. ಆ ಕೋಣೆಯಲ್ಲಿ ಇನ್ನು ಮುಂದೆ ಯಾವಾಗಲೂ 2019. ಡೀಸೆಲ್ ಇಂಜಿನು, ನೀಲಿ ಡಬ್ಬಿ, ಚಪ್ಪಟೆ ವ್ಯಾಗನ್ನುಗಳ ಮೇಲೆ ಲಾರಿ ಹೊತ್ತ ಸುರತ್ಕಲ್‌ನ ರೋ–ರೋ ಗಾಡಿ. ಹವ್ಯಾಸಿಗಳು ಇದಕ್ಕೆ 'ಕಾಲ ಆರಿಸಿಕೊಳ್ಳುವುದು' ಎನ್ನುತ್ತಾರೆ. "ಗ್ಯಾಸಿನ ರೇಟೂ 2019ರದ್ದೇ ಉಂಟಾ ಒಳಗೆ?" ಎಂದು ಹೆಂಡತಿ ಕೇಳಿದ್ದುಂಟು. ಬಂದ ಅತಿಥಿಗಳು ಹೆಚ್ಚು ಮೆಚ್ಚುವುದು ಅರ್ಧಕ್ಕೆ ನಿಂತ ಇಂದ್ರಾಳಿ ಮೇಲ್ಸೇತುವೆಯನ್ನು. ವರ್ಷಗಟ್ಟಲೆ ಅದರಡಿಯ ಧೂಳು ಕುಡಿದವರು, "ಆಹಾ, ಹಾಗೆಯೇ ಮಾಡಿದ್ದೀರಿ!" ಎಂದು ಹೊಗಳುತ್ತಾರೆ. ಅದು ಅಂಟು ಸಾಲದೆ ನಿಂತದ್ದು ಎಂದು ಮಾಮ ಇದುವರೆಗೆ ಬಾಯಿ ಬಿಟ್ಟಿಲ್ಲ.

ವಾದಕ್ಕೆ ನಿಂತರೆ ಅವರ ಬತ್ತಳಿಕೆಯಲ್ಲಿ ಬಾಣ ಬೇಕಾದಷ್ಟಿವೆ. ಜರ್ಮನಿಯ ಮಾರ್ಕ್ಲಿನ್ ಕಂಪನಿ 1891ರಲ್ಲಿಯೇ ಹಳಿಗೆ ಅಳತೆ ನಿಗದಿ ಮಾಡಿತ್ತು. ಪುಣೆಯಲ್ಲಿ ಜೋಶಿಯವರ ಪುಟ್ಟ ರೈಲುಗಳ ಮ್ಯೂಸಿಯಂ 1998ರಿಂದ ಟಿಕೆಟ್ ಕೊಟ್ಟು ಜನರನ್ನು ಒಳಗೆ ಬಿಡುತ್ತಿದೆ. ಲೋಕಪ್ರಸಿದ್ಧ ಹಾಡುಗಾರ ರಾಡ್ ಸ್ಟೀವರ್ಟ್ ಇದೇ 87ರ ಅಳತೆಯಲ್ಲಿ ಅಮೆರಿಕದ ಒಂದು ನಗರವನ್ನೇ 23 ವರ್ಷ ಕೂತು ಕಟ್ಟಿದ್ದಾನೆ.

"ಅವನ ಮನೆಯಲ್ಲಿ ಊಟದ ಮೇಜು ಬೇರೆ ಇರಬೇಕು," ಎಂದು ಹೆಂಡತಿ ಬಾಳೆಲೆಯನ್ನು ನೆಲಕ್ಕೆ ಹಾಸಿದರು.

ಅಳತೆಯಲ್ಲಿ ಇಷ್ಟು ಕಟ್ಟುನಿಟ್ಟಿನ ಈ ಮನುಷ್ಯ ಭೂಗೋಳದಲ್ಲಿ ಮಾತ್ರ ಒಂದು ಕಡೆ ಸಲುಗೆ ತೆಗೆದುಕೊಂಡಿದ್ದಾರೆ. ಮಗಳನ್ನು ಕೊಟ್ಟದ್ದು ಕಾರ್ಕಳಕ್ಕೆ. ಕಾರ್ಕಳಕ್ಕೆ ರೈಲಿಲ್ಲ, ಬೇಕೆಂಬ ಬೇಡಿಕೆ ಮಾತ್ರ ಹಳೆಯದು. ಹಾಲಿನಲ್ಲಿ ಉಂಟು. ಪಡುಬಿದ್ರಿಯಿಂದ ಸೋಫಾದ ಹಿಂದಾಗಿ ಒಂದು ಹಳಿ ಕವಲೊಡೆದು ಕಿಟಕಿಯ ಕೆಳಗಿನ ಥರ್ಮೋಕೋಲ್ ಗುಡ್ಡದ ಬುಡಕ್ಕೆ ಹೋಗುತ್ತದೆ. ಗುಡ್ಡದ ಮೇಲೆ ಗೊಮ್ಮಟ: 42 ಅಡಿಗೆ ಸುಮಾರು 14.7 ಸೆಂ.ಮೀ. ವೀರಪಾಂಡ್ಯ ಭೈರರಸ ಅದನ್ನು 1432ರಲ್ಲಿ ನಿಲ್ಲಿಸುವಾಗ ಇಪ್ಪತ್ತು ಗಾಲಿಯ ಬಂಡಿಯಲ್ಲಿ ಗುಡ್ಡಕ್ಕೆ ಎಳೆದು ತಂದರೆಂದು ಹೇಳುವುದುಂಟು. ಮಾಮನ ಪ್ರಕಾರ ಕಾರ್ಕಳದ ಮೊದಲ ಗೂಡ್ಸ್ ಗಾಡಿ ಅದೇ. ಬೋಗಿ ಎರಡಿತ್ತೋ ನಾಲ್ಕಿತ್ತೋ ಎಂಬುದಷ್ಟೇ ತೀರ್ಮಾನವಾಗಬೇಕು.

ಕಳೆದ ಮಳೆಗಾಲದಲ್ಲಿ ಕಾರ್ಕಳದ ಬೀಗರು ಬಂದಿದ್ದರು. ಅವರನ್ನು ಕಿಟಕಿಯ ಬಳಿ ಕುರ್ಚಿ ಹಾಕಿ ಕೂರಿಸಿ, ಮಾಮ ಪಡುಬಿದ್ರಿಯಲ್ಲಿ ಹಸಿರು ದೀಪ ಹಾಕಿದರು. ನಾಲ್ಕು ಡಬ್ಬಿಯ ಗಾಡಿ ಸೋಫಾದ ಹಿಂದೆ ಮಾಯವಾಯಿತು. ಹಾರ್ನು ಕೇಳಿಸಿತು. ಬೀಗರು ಮುಂದಕ್ಕೆ ಬಾಗಿ ಸುರಂಗದ ಬಾಯಿ ನೋಡುತ್ತಿದ್ದರು. ಅಷ್ಟರಲ್ಲಿ ಗುಡುಗಿತು, ಕರೆಂಟು ಹೋಯಿತು.

ಕತ್ತಲಲ್ಲಿ ಮಾಮ ಕ್ಷಮೆ ಕೇಳಲು ಹೊರಟರು.

"ಇರ್ಲಿ ಬಿಡಿ ಬೀಗರೇ," ಎಂದರು ಅವರು, ಕುರ್ಚಿ ಬಿಟ್ಟೇಳದೆ. "ಪಡುಬಿದ್ರಿ ಬಿಟ್ಟಿದೆಯಲ್ಲ? ಕಾಯುವ."

ಹೆಂಡತಿ ಮೇಣದ ಬತ್ತಿ ತಂದು ಕಾರ್ಕಳ ಸ್ಟೇಷನ್ನಿನ ಪಕ್ಕದಲ್ಲೇ ಇಟ್ಟು, ಎಷ್ಟು ಬೋಗಿ ಬರ್ಲಿಕ್ಕೆ ಉಂಟು ಎಂದು ಕೇಳಿದರು. ಆ ದಿನ ಯಾರೂ ತಿದ್ದಲಿಲ್ಲ.