ನಾಡಿ ಓಲೆಯಲ್ಲಿ ಮತ ಎಣಿಕೆ: ಒಂದು ಶಾಸ್ತ್ರೀಯ ವಿವೇಚನೆ

ತಮಿಳುನಾಡಿನ ಸೀರ್ಕಾಳಿಗೆ ಸಮೀಪದ ವೈದೀಶ್ವರನ್ ಕೋಯಿಲ್ ಎಂಬ ಊರಿನಲ್ಲಿ, ವೈದ್ಯನಾಥನೆಂಬ ಹೆಸರಿನ ಶಿವನೂ ಅಂಗಾರಕನೂ ನೆಲೆಸಿರುವ ದೇವಾಲಯದ ಸುತ್ತಲಿನ ಬೀದಿಗಳಲ್ಲಿ, ತಾಳೆಗರಿಯ ಕಟ್ಟುಗಳನ್ನು ಬಿಚ್ಚಿ ಭವಿಷ್ಯ ಓದುವ ಕಸುಬೊಂದು ನಡೆದುಬಂದಿದ್ದು, ಅದನ್ನು ನಾಡಿ ಜ್ಯೋತಿಷವೆಂದು ಕರೆಯುತ್ತಾರೆ. ಅಗಸ್ತ್ಯ, ಕೌಶಿಕ, ಭೃಗು, ವಸಿಷ್ಠ ಮೊದಲಾದ ಋಷಿಗಳು ಮುಂದೆ ಹುಟ್ಟಲಿರುವವರ ಬದುಕನ್ನು ಮೊದಲೇ ಕಂಡು ಪದ್ಯರೂಪದಲ್ಲಿ ಬರೆದಿಟ್ಟರೆಂಬುದು ಈ ಪರಂಪರೆಯ ನಂಬಿಕೆ. ಯಾರದೋ ಮದುವೆ, ಸಾಲ, ಸೊಂಟನೋವುಗಳನ್ನೂ ಬಿಡದೆ ಕಂಡ ಋಷಿಗಳು ವಿಧಾನಸಭೆಯ 234 ಸ್ಥಾನಗಳನ್ನು ಮಾತ್ರ ಕಾಣದೆ ಹೋಗಿರಲಾರರೆಂಬ ಸರಳ ತರ್ಕವೇ ಇಲ್ಲಿ ವಿವೇಚಿಸಲಾಗುವ ಓಲೆ ಮತಶಾಸ್ತ್ರದ ತಳಹದಿಯಾಗಿದೆ.

ನಾಡಿ ಗ್ರಂಥಗಳಲ್ಲಿ ಫಲವನ್ನು ಕಾಂಡಗಳಾಗಿ, ಎಂದರೆ ಅಧ್ಯಾಯಗಳಾಗಿ, ವಿಂಗಡಿಸಿರುತ್ತಾರೆ. ಕೆಲವು ಕೇಂದ್ರಗಳು ರಾಜಕೀಯಕ್ಕೆಂದೇ ಅರಸಿಯಲ್ ಕಾಂಡವೆಂಬ ವಿಶೇಷ ಭಾಗವೊಂದನ್ನು ಇಟ್ಟುಕೊಂಡಿವೆಯಾದರೂ, ಸೂಕ್ಷ್ಮವಾಗಿ ನೋಡಿದರೆ ಅದರ ಅಗತ್ಯವೇ ಇಲ್ಲ. ಆರನೆಯ ಕಾಂಡವು ಶತ್ರು, ಸಾಲ ಮತ್ತು ರೋಗಗಳನ್ನು ಕುರಿತದ್ದು. ಇವು ಕ್ರಮವಾಗಿ ಪ್ರತಿಸ್ಪರ್ಧಿ, ಪ್ರಚಾರದ ಖರ್ಚು ಮತ್ತು ಬಂಧನದ ವಾರಂಟು ಬಂದ ಕೂಡಲೇ ಕಾಣಿಸಿಕೊಳ್ಳುವ ಎದೆನೋವು ಎಂಬುದು ಸ್ವಯಂಸ್ಪಷ್ಟ. ಏಳನೆಯದು ವಿವಾಹ, ಎಂದರೆ ಮೈತ್ರಿಕೂಟ. ಹನ್ನೊಂದನೆಯದು ಲಾಭ ಹಾಗೂ ಎರಡನೆಯ ವಿವಾಹ, ಎಂದರೆ ಮುಂದಿನ ಮೈತ್ರಿಕೂಟ. ಮಾವಿನ ಹಣ್ಣಿನ ಚಿಹ್ನೆಯ ಪಾಟ್ಟಾಳಿ ಮಕ್ಕಳ್ ಕಚ್ಚಿಯು 1998ರಲ್ಲಿ ಅಣ್ಣಾ ಡಿಎಂಕೆಯೊಂದಿಗೆ, 1999ರಲ್ಲಿ ಡಿಎಂಕೆಯೊಂದಿಗೆ, 2001ರಲ್ಲಿ ಮರಳಿ ಅಣ್ಣಾ ಡಿಎಂಕೆಯೊಂದಿಗೆ, 2004ರಲ್ಲಿ ಮತ್ತೆ ಡಿಎಂಕೆಯೊಂದಿಗೆ ಕೂಡಿಕೊಂಡದ್ದನ್ನು ನೆನೆದರೆ, ಋಷಿಗಳು ಎರಡನೆಯ ವಿವಾಹಕ್ಕೇ ಏಕೆ ನಿಂತರು, ಮೂರನೆಯದಕ್ಕೂ ನಾಲ್ಕನೆಯದಕ್ಕೂ ಕಾಂಡಗಳನ್ನೇಕೆ ಮೀಸಲಿಡಲಿಲ್ಲವೆಂಬ ಪ್ರಶ್ನೆ ಮಾತ್ರ ಉಳಿದುಕೊಳ್ಳುತ್ತದೆ.

ಪಠ್ಯದ ಸ್ವರೂಪವೂ ಈ ಶಾಸ್ತ್ರಕ್ಕೆ ಅನುಕೂಲಕರವಾಗಿಯೇ ಇದೆ. ಓಲೆಯ ಮೇಲೆ ಬರೆಯುವ ಕಂಟವೆಂಬ ಲೋಹದ ಮೊನೆಯಿಂದ ಚುಕ್ಕೆಯಿಟ್ಟರೆ ಗರಿ ತೂತಾಗುವ ಸಂಭವವಿರುವುದರಿಂದ, ವ್ಯಂಜನದ ಮೇಲೆ ಇಡಬೇಕಾದ ಪುಳ್ಳಿ ಎಂಬ ಬಿಂದುವನ್ನು ಹಳೆಯ ಲಿಪಿಕಾರರು ಸಾಮಾನ್ಯವಾಗಿ ಬಿಟ್ಟುಬಿಡುತ್ತಿದ್ದರು. ಎಕಾರ ಒಕಾರಗಳ ಹ್ರಸ್ವದೀರ್ಘಗಳನ್ನು ಬೇರ್ಪಡಿಸುತ್ತಿರಲಿಲ್ಲ. ಪದಗಳ ನಡುವೆ ಬಿಡುವನ್ನೂ ಕೊಡುತ್ತಿರಲಿಲ್ಲ. ಹೀಗಾಗಿ ಒಂದು ಸಾಲನ್ನು ಎಲ್ಲಿ ಒಡೆಯಬೇಕು, ಯಾವ ಅಕ್ಷರವನ್ನು ಎಳೆಯಬೇಕು ಎಂಬುದು ಸಂಪೂರ್ಣವಾಗಿ ಓದುಗನ ವಿವೇಕಕ್ಕೆ ಸೇರಿದ್ದು, ಆ ವಿವೇಕವು ಮತ ಎಣಿಕೆಯ ದಿನ ಮಧ್ಯಾಹ್ನದ ಹೊತ್ತಿಗೆ ಪರಿಪಕ್ವವಾಗುತ್ತದೆ. ತಾಳೆಗರಿಯ ಆಯುಸ್ಸು ಕೆಲವು ಶತಮಾನಗಳನ್ನು ಮೀರುವುದು ಅಪರೂಪವಾದ್ದರಿಂದ ಋಷಿಗಳ ಮೂಲಪ್ರತಿ ಉಳಿದಿರಲಾರದು, ಈಗಿರುವುದು ಪ್ರತಿಯ ಪ್ರತಿ ಎಂಬ ಆಕ್ಷೇಪವುಂಟು. ಪ್ರತಿ ಮಾಡುವಾಗಲೆಲ್ಲ ಪಕ್ಷಗಳ ಹೆಸರುಗಳು ಲುಪ್ತವಾದವೆಂದು ಒಪ್ಪಿಕೊಂಡರೆ ಆ ಆಕ್ಷೇಪವೇ ಶಾಸ್ತ್ರಕ್ಕೆ ಆಧಾರವಾಗಿಬಿಡುತ್ತದೆ.

ಆದರೆ ಒಂದು ತೊಡಕಿದೆ. ನಾಡಿ ಓಲೆಯನ್ನು ಹುಡುಕಲು ಹೆಬ್ಬೆರಳಿನ ಗುರುತು ಬೇಕು: ಗಂಡಸಾದರೆ ಬಲಗೈಯದು, ಹೆಂಗಸಾದರೆ ಎಡಗೈಯದು. ಚುನಾವಣೆಗೆ ಹೆಬ್ಬೆರಳಿಲ್ಲ. ಮತದಾನದ ದಿನ ಮಸಿ ಬೀಳುವುದೂ ಎಡಗೈ ತೋರುಬೆರಳಿಗೇ ಹೊರತು ಹೆಬ್ಬೆರಳಿಗಲ್ಲ. ಈ ಅಳಿಸಲಾಗದ ಮಸಿಯು 1962ರಿಂದ ಮೈಸೂರಿನ ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಿಂದಲೇ ಹೋಗುತ್ತಿರುವುದರಿಂದ, ತೋರುಬೆರಳು ಕನ್ನಡಿಗರಿಗೂ ಹೆಬ್ಬೆರಳು ತಮಿಳರಿಗೂ ಹಂಚಿಕೆಯಾಗಿದೆಯೆಂದು ಭಾವಿಸಲು ಅವಕಾಶವಿದೆ. (ಎರಡು ರಾಜ್ಯಗಳ ನಡುವೆ ತಕರಾರಿಲ್ಲದೆ ಹಂಚಿಕೆಯಾದದ್ದು ಬಹುಶಃ ಇದೊಂದೇ.) ಅಭ್ಯರ್ಥಿಗಳ ಹೆಬ್ಬೆರಳನ್ನೇ ಆಧರಿಸೋಣವೆಂದರೆ, ಶುಲ್ಕ ತೆತ್ತು ಬಂದ ಯಾವ ಅಭ್ಯರ್ಥಿಗೂ ಓಲೆಯು ಸೋಲನ್ನು ನೇರವಾಗಿ ಹೇಳಿದ ಉದಾಹರಣೆ ದೊರೆಯುವುದು ಕಷ್ಟ. 1996ರಲ್ಲಿ ಮೊಡಕ್ಕುರಿಚ್ಚಿ ವಿಧಾನಸಭಾ ಕ್ಷೇತ್ರವೊಂದರಲ್ಲೇ 1033 ಅಭ್ಯರ್ಥಿಗಳಿದ್ದು, ಮತಪತ್ರವನ್ನು ಪುಸ್ತಕದಂತೆ ಹೊಲಿದು ಕೊಡಬೇಕಾಯಿತು. ಅವರೆಲ್ಲರೂ ನಾಡಿ ಕೇಂದ್ರಕ್ಕೆ ಹೋಗಿದ್ದರೆ 1033 ಗೆಲುವುಗಳು ಒಂದೇ ಕ್ಷೇತ್ರದಲ್ಲಿ ಸಂಭವಿಸಬೇಕಾಗಿತ್ತು. ಇದಕ್ಕೆ ಪರಿಹಾರವಾಗಿಯೇ ಹದಿಮೂರನೆಯದಾದ ಶಾಂತಿ ಕಾಂಡವಿದೆ. ಅದು ಪೂರ್ವಜನ್ಮದ ಪಾಪವನ್ನೂ ಅದನ್ನು ಕಳೆಯಲು ಮಾಡಬೇಕಾದ ಪೂಜೆಗಳನ್ನೂ ಹೇಳುವುದರಿಂದ, ಗೆದ್ದ ಒಬ್ಬರು ಪರಿಹಾರವನ್ನು ಪೂರ್ತಿಯಾಗಿ ಮಾಡಿದರೆಂದೂ ಉಳಿದ 1032 ಮಂದಿ ಯಾವುದೋ ಒಂದು ದೀಪವನ್ನು ಕಡಿಮೆ ಹಚ್ಚಿದರೆಂದೂ ತೀರ್ಮಾನಿಸಬಹುದಾಗಿದೆ. ಒಂದೂ ಮತ ಬೀಳದೆ ಹೋದ 88 ಮಂದಿಯ ಪೂರ್ವಜನ್ಮವು ಪ್ರತ್ಯೇಕ ಅಧ್ಯಯನಕ್ಕೆ ಅರ್ಹವಾದದ್ದು.

ಸಮೀಕ್ಷಾಶಾಸ್ತ್ರದ ದೃಷ್ಟಿಯಿಂದ ನಾಡಿ ಪರಂಪರೆಯ ಕೊಡುಗೆ ಇನ್ನೂ ದೊಡ್ಡದು. ಎಲ್ಲರಿಗೂ ಓಲೆಯಿರುವುದಿಲ್ಲ, ಬರಬೇಕೆಂದು ವಿಧಿ ಬರೆದವರಷ್ಟೇ ಬರುತ್ತಾರೆ, ಅವರ ಓಲೆಯಷ್ಟೇ ಸಿಗುತ್ತದೆ ಎಂಬುದು ಅದರ ಸಿದ್ಧಾಂತ. ಮತಗಟ್ಟೆಯ ಹೊರಗೆ ನಿಂತು ಮಾತಾಡಿಸಿದವರನ್ನಷ್ಟೇ ಎಣಿಸುವ ಮತಗಟ್ಟೆ ಸಮೀಕ್ಷೆಗಳು ಇದೇ ಸಿದ್ಧಾಂತವನ್ನು ಅಂಕಿಅಂಶಗಳ ಭಾಷೆಯಲ್ಲಿ ಹೇಳುತ್ತಿವೆ. ಪ್ರಶ್ನೋತ್ತರದ ಕ್ರಮದಲ್ಲೂ ಓಲೆಯೇ ಮುಂದು. ತಂದೆಯ ಹೆಸರು ಮಕಾರದಿಂದ ಮೊದಲಾಗುತ್ತದೆಯೇ, ತಾಯಿ ಇದ್ದಾರೆಯೇ, ತಮ್ಮಂದಿರು ಇಬ್ಬರೇ ಎಂದು ಕೇಳುತ್ತಾ, ಅಲ್ಲ ಎಂದಾಗ ಓಲೆಯನ್ನು ಪಕ್ಕಕ್ಕಿಟ್ಟು ಹೌದು ಎಂದಾಗ ಕೈಯಲ್ಲುಳಿಸಿಕೊಂಡು ಓದುಗನು ಸರಿಯಾದ ಗರಿಯನ್ನು ತಲುಪುತ್ತಾನೆ. ರಾಜ್ಯದ ವಿಷಯದಲ್ಲೂ ಇದನ್ನೇ ಅನುಸರಿಸಿ, ಮೊದಲ ಸುತ್ತಿನ ಎಣಿಕೆಯಲ್ಲಿ ಮುನ್ನಡೆ ಯಾರದು, ಹತ್ತನೆಯ ಸುತ್ತಿನಲ್ಲಿ ಯಾರದು ಎಂದು ಚುನಾವಣಾ ಆಯೋಗವನ್ನೇ ಕೇಳುತ್ತಾ ಹೋದರೆ, ಕೊನೆಯ ಸುತ್ತಿನ ಹೊತ್ತಿಗೆ ಕೈಯಲ್ಲುಳಿಯುವ ಓಲೆ ಎಂದೂ ಸುಳ್ಳಾಗದು.

ನಿಜವಾದ ಓಲೆಗಳು ಗ್ರಾಹಕರ ಖಾಸಗಿ ಸ್ವತ್ತಾದ್ದರಿಂದ, ವ್ಯಾಖ್ಯಾನದ ಕ್ರಮವನ್ನು ತೋರಿಸಲೆಂದು ಒಂದು ಮಾದರಿ ಪದ್ಯವನ್ನು ಇಲ್ಲಿಯೇ ಹೊಸೆಯಲಾಗಿದೆ: “ಕೂಗು ಕೇಳೀತು, ಜೋಡಿ ಹಾರೀತು, ಮೂಡಲು ಕೆಂಪಾದೀತು, ಒಣಗಿದ್ದು ಚಿಗುರೀತು.” ಎಂ.ಜಿ. ರಾಮಚಂದ್ರನ್ ತೀರಿಕೊಂಡ ಮೇಲೆ ಅವರ ಅಣ್ಣಾ ಡಿಎಂಕೆ ಪಕ್ಷ ಒಡೆದು, ಎರಡೆಲೆ ಚಿಹ್ನೆ ಸ್ತಂಭನಗೊಂಡು, 1989ರ ಚುನಾವಣೆಯಲ್ಲಿ ಜಯಲಲಿತಾ ಬಣಕ್ಕೆ ಹುಂಜವೂ ಜಾನಕಿ ಬಣಕ್ಕೆ ಜೋಡಿ ಪಾರಿವಾಳವೂ ದೊರೆತವು. ಗೆದ್ದದ್ದು ಉದಯಸೂರ್ಯನ ಡಿಎಂಕೆ. ಹುಂಜ ಕೂಗಿತು, ಪಾರಿವಾಳ ಹಾರಿತು, ಸೂರ್ಯ ಮೂಡಿದ. ತನ್ನ ಕೋಳಿ ಕೂಗುವುದರಿಂದಲೇ ಊರಿಗೆ ಬೆಳಗಾಗುತ್ತದೆಂದು ನಂಬಿದ್ದ ಮುದುಕಿಯ ಕತೆಯನ್ನು ಕನ್ನಡಿಗರು ಹಾಸ್ಯವೆಂದು ಭಾವಿಸಿದ್ದು ಎಷ್ಟು ಅವಸರದ ನಿರ್ಣಯವೆಂಬುದು ಇದರಿಂದ ಗೊತ್ತಾಗುತ್ತದೆ. ಬಣಗಳು ಒಂದಾಗಿ, ಎಲೆಗಳು ಮರಳಿ ದೊರೆತು, 1991ರಲ್ಲಿ ಒಣಗಿದ್ದು ಚಿಗುರಿತು. ಇದೇ ಪದ್ಯವು 2017ರ ಡಿಸೆಂಬರಿನ ಆರ್.ಕೆ. ನಗರ ಉಪಚುನಾವಣೆಗೂ ಅನ್ವಯಿಸುತ್ತದೆ. ಅಲ್ಲಿ ಗೆದ್ದ ಟಿ.ಟಿ.ವಿ. ದಿನಕರನ್ ಅವರ ಚಿಹ್ನೆ ಪ್ರೆಶರ್ ಕುಕ್ಕರ್ ಆಗಿದ್ದುದರಿಂದ ಕೂಗು ಯಾವುದೆಂದು ಅಡುಗೆಮನೆ ಬಲ್ಲ ಯಾರಿಗೂ ವಿವರಿಸಬೇಕಾಗಿಲ್ಲ. ಮೂಡಲು ಏಕೆ ಕೆಂಪಾಗಲಿಲ್ಲವೆಂದು ಕೇಳುವವರಿಗೆ, ಪದ್ಯದ ಆ ಪಾದವು ಡಿಎಂಕೆ ಗೆದ್ದ 2021ಕ್ಕೆ ಮೀಸಲಾಗಿತ್ತೆಂದು ಉತ್ತರಿಸುವುದು ಸಂಪ್ರದಾಯ.

ಮುಂಗಡವಾಗಿ ಹೇಳುವವರಿಗೂ ತಮಿಳುನಾಡು ಬಹುಕಾಲ ಕೃಪೆ ತೋರಿದೆ. 1991ರಿಂದ 2011ರವರೆಗೆ ನಡೆದ ಐದು ವಿಧಾನಸಭಾ ಚುನಾವಣೆಗಳಲ್ಲಿ ಹಿಂದಿನ ಸಲ ಗೆದ್ದ ಪಕ್ಷ ಪ್ರತಿ ಬಾರಿಯೂ ಸೋತದ್ದರಿಂದ, ಏರಿದವನು ಇಳಿಯುತ್ತಾನೆ ಎಂಬ ಒಂದೇ ಗರಿಯಿಂದ ಇಪ್ಪತ್ತು ವರ್ಷ ಜೀವನ ಸಾಗಿಸಬಹುದಾಗಿತ್ತು. 2016ರಲ್ಲಿ ಜಯಲಲಿತಾ ಮರಳಿ ಗೆದ್ದು ಈ ಗರಿಯನ್ನು ಮುರಿದರು. ಅಧಿಕಾರದಲ್ಲಿದ್ದ ಐದು ವರ್ಷಗಳ ನಡುವೆಯೇ ನ್ಯಾಯಾಲಯದ ತೀರ್ಪಿನಿಂದಾಗಿ ಅವರು ಒಮ್ಮೆ ಇಳಿದು ಏರಿದ್ದರಿಂದ ಇಳಿಕೆಯ ಲೆಕ್ಕ ಮೊದಲೇ ಸಂದಾಯವಾಗಿತ್ತೆಂಬ ವ್ಯಾಖ್ಯಾನವನ್ನು ಇಲ್ಲಿ ಸೂಚಿಸಬಹುದು.

ಕೊನೆಯದಾಗಿ ಕಾನೂನಿನ ವಿಷಯ. ಜನಪ್ರಾತಿನಿಧ್ಯ ಕಾಯ್ದೆಯ 126ಎ ಕಲಮು ಮತದಾನದ ಅವಧಿಯಲ್ಲಿ ಮತಗಟ್ಟೆ ಸಮೀಕ್ಷೆಗಳ ಪ್ರಕಟಣೆಯನ್ನು ನಿಷೇಧಿಸುತ್ತದೆ. ಜ್ಯೋತಿಷಿಗಳ ಮತ್ತು ಟ್ಯಾರೋ ಓದುವವರ ಭವಿಷ್ಯವೂ ಈ ಕಲಮಿನ ಆಶಯಕ್ಕೆ ವಿರುದ್ಧವೆಂದು ಚುನಾವಣಾ ಆಯೋಗವು 2017ರಲ್ಲಿ ಮಾಧ್ಯಮಗಳಿಗೆ ತಿಳಿಸಿತು. ಹಾಗಾದರೆ ನೋಟಿಸನ್ನು ಯಾರಿಗೆ ಜಾರಿ ಮಾಡಬೇಕು? ಓದುಗನು ಓದಿದ್ದಷ್ಟೇ, ಬರೆದದ್ದು ಅಗಸ್ತ್ಯ. ಅವನ ವಿಳಾಸವು ತಮಿಳು ಪರಂಪರೆಯಂತೆ ಪೊದಿಗೈ ಬೆಟ್ಟ. ಕಾವೇರಿಯನ್ನು ಕಮಂಡಲದಲ್ಲಿ ಹಿಡಿದಿಟ್ಟುಕೊಂಡಿದ್ದ ಕಥೆಯಂತೆ ಕೊಡಗು. ಯಾವ ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ವ್ಯಾಪ್ತಿಗೆ ಅವನು ಬರುತ್ತಾನೆಂಬುದು ಮೊದಲು ಇತ್ಯರ್ಥವಾಗಬೇಕಾದ್ದರಿಂದ, ಮತ್ತು ಅವನ ಕಮಂಡಲದಿಂದ ಹರಿದ ನೀರಿನ ವಿವಾದಕ್ಕೇ ನ್ಯಾಯಮಂಡಳಿ ನೇಮಕವಾದ 1990ರಿಂದ ಸುಪ್ರೀಂ ಕೋರ್ಟಿನ 2018ರ ತೀರ್ಪಿನವರೆಗೆ ಇಪ್ಪತ್ತೆಂಟು ವರ್ಷ ಹಿಡಿದದ್ದರಿಂದ, ಆಯೋಗವು ತಾಳ್ಮೆ ವಹಿಸುವುದು ಸೂಕ್ತ. ನೋಟಿಸಿಗೆ ಋಷಿಯು ಕೊಡಲಿರುವ ಉತ್ತರವೂ ಯಾವುದೋ ಕಟ್ಟಿನಲ್ಲಿ ಈಗಾಗಲೇ ಬರೆದಿರಲೇಬೇಕಷ್ಟೆ. ಸಂಬಂಧಪಟ್ಟ ಅಧಿಕಾರಿಯು ಬಲಗೈ ಹೆಬ್ಬೆರಳಿನ ಗುರುತು ಕೊಟ್ಟು, ತಂದೆಯ ಹೆಸರಿನ ಮೊದಲಕ್ಷರ ಹೌದೋ ಅಲ್ಲವೋ ಹೇಳಿದರೆ ಅದನ್ನು ಹುಡುಕಿಕೊಡಬಹುದು. ಶಾಂತಿ ಕಾಂಡಕ್ಕೆ ಶುಲ್ಕ ಬೇರೆ.